ದ್ರಿನಾ ನದಿಯ ಸೇತುವೆ: ಒಂದು ವಿಮರ್ಶೆ

ಕಾವ್ಯಕ್ಕೆ ನಾಯಕನಾಗತಕ್ಕವನು ಎಂತಹವನಾಗಿರಬೇಕೆಂಬುದನ್ನು ಭಾರತೀಯ ಲಾಕ್ಷಣಿಕರು ವಿಸ್ತಾರವಾಗಿ ವಿಚಾರಿಸಿರುವರು. ಸದ್ವಂಶದಲ್ಲಿ ಹುಟ್ಟಿದ ಧೀರೋದಾತ್ತನೊಬ್ಬನು ನಾಯಕನಾಗಿರಬೇಕೆಂಬುದು ಸಾಮಾನ್ಯ ನಿಯಮ. ಒಂದೇ ವಂಶದ ಅನೇಕ ರಾಜರು ನಾಯಕರಾದರೂ ಬಾಧಕವಿಲ್ಲವೆಂದು ಸಾಹಿತ್ಯದರ್ಪಣಕಾರನು ಆ ನಿಯಮವನ್ನು ಸ್ವಲ್ಪ ಸಡಿಲಿಸಿದನು. ರಘುವಂಶದಂತಹ ಕಾವ್ಯಕ್ಕೆ ಎಡೆ ದೊರೆಯಬೇಕಷ್ಟೆ. ಆದರೆ ಚಲನೆಯಿಲ್ಲದ, ಮಾತಿಲ್ಲದ, ಕಲ್ಲುಗಾರೆಗಳಿಂದಾದ ಒಂದು ಸೇತುವೆಯೇ ನಾಯಕಸ್ಥಾನದಲ್ಲಿ ನಿಂತು, ಮನುಷ್ಯರೆಲ್ಲರೂ ಅದರ ಪರಿವಾರದಂತೆ ಬಂದು ಹೋಗುವ ಗ್ರಂಥಕ್ಕೆ ಯಾವ ಲಕ್ಷಣವನ್ನು ಹೇಳಬೇಕು? ಬಾಸ್ನಿಯಾ ದೇಶದ ಈವೊ ಆಂದ್ರಿಚನು ರಚಿಸಿದ ‘ದ್ರಿನಾ ನದಿಯ ಸೇತುವೆ’ ಎಂಬ ಕಾದಂಬರಿಯು ಇಂತಹುದು. 1942ನೆಯ ಇಸವಿಯ ಜುಲೈ ತಿಂಗಳಿಂದ 1943ರ ಡಿಸೆಂಬರಿನವರೆಗೆ, ಶತ್ರುಸೈನ್ಯದ ವಶದಲ್ಲಿದ್ದ ಬೆಲ್‌ಗ್ರೇಡ್ ನಗರದಲ್ಲಿ ಇದು ಬರೆಯಲ್ಪಟ್ಟು, 1945ರಲ್ಲಿ ಪ್ರಕಟವಾಯಿತು. 1961ರಲ್ಲಿ ಗ್ರಂಥಕಾರನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1959ರಲ್ಲಿ ಲೊವೆಟ್ ಎಡ್ವರ್ಡ್ಸನು ಮಾಡಿದ ಇಂಗ್ಲಿಷ್ ಭಾಷಾಂತರದ ಮೂಲಕ ಇದು ದೂರದೇಶದ ವಾಚಕರಿಗೂ ಪರಿಚಿತವಾಗಿದೆ.

ವಿಶೆಗ್ರಾದ್ ಎಂಬುದು ಬಾಸ್ನಿಯಾ ದೇಶದ ಪೂರ್ವದ ಅಂಚಿನಲ್ಲಿ, ದ್ರಿನಾ ಮತ್ತು ರ್‍ಜಾವ್ ನದಿಗಳು ಕೂಡುವೆಡೆಯಲ್ಲಿರುವ ಒಂದು ಸಣ್ಣ ಪಟ್ಟಣ. ತುರ್ಕಿ ಸಾಮ್ರಾಜ್ಯದ ಮಹಾಮಂತ್ರಿಯಾಗಿದ್ದ ಮೆಹಮೆದ್ ಪಾಷಾ ಸೊಕೊಲೊವಿಚನು 1571ರಿಂದ 1577ರವರೆಗೆ ಇಲ್ಲಿ ಹನ್ನೊಂದು ಕಮಾನುಗಳ ಕಲ್ಲಿನ ಸೇತುವೆಯನ್ನು ಕಟ್ಟಿಸಿದನು. ಸಿನಾನನೆಂಬ ಪ್ರಸಿದ್ಧ ಶಿಲ್ಪಿಯು ಇದರ ನಿರ್ಮಾತೃವು. ಸುಮಾರು 180 ಮೀಟರು ಉದ್ದವಾದ ಈ ಸೇತುವೆಯ ನಡುವೆ ಇಕ್ಕೆಲಗಳಲ್ಲಿಯೂ ಅಗಲವಾದ ಜಗುಲಿಯಂತಹ ಸ್ಥಳವುಂಟು. ಅದನ್ನು ಆ ಊರಿನವರು ‘ಕಪಿಯಾ’ ಎನ್ನುವರು. ಊರಿನ ಸಂಜೆಯ ಹರಟೆ, ಕಾಫಿ, ಪ್ರಣಯ, ಜೂಜು, ವರ್ತಕರ ಲೆಕ್ಕಾಚಾರ, ರಾಜಾಜ್ಞೆಯ ಡಂಗುರ, ಅಪರಾಧಿಗಳ ಶಿರಚ್ಛೇದ ಎಲ್ಲವೂ ಅಲ್ಲಿಯೇ. 1516ರಿಂದ 1914ರವರೆಗಿನ ಸುಮಾರು ನಾನೂರು ವರ್ಷಗಳ ವೃತ್ತಾಂತವನ್ನು ಆಂದ್ರಿಚನು ಇಪ್ಪತ್ತನಾಲ್ಕು ಅಧ್ಯಾಯಗಳಲ್ಲಿ ಅಡಗಿಸಿರುವನು. ಆದ್ಯಂತವಾಗಿ ಹರಿಯುವ ಕಥಾವಸ್ತುವು ಇದರಲ್ಲಿ ಇಲ್ಲ. ಒಬ್ಬನ ಕಥೆ ಮುಗಿಯುತ್ತದೆ, ಇನ್ನೊಬ್ಬನದು ತೊಡಗುತ್ತದೆ, ಸೇತುವೆ ಮಾತ್ರ ಇರುತ್ತದೆ.

ಗ್ರಂಥದ ಪ್ರಮಾಣವಿಭಾಗವನ್ನು ಮೊದಲು ಗಮನಿಸಬೇಕು. ಸೇತುವೆಯು ಹುಟ್ಟಿದ ಮೇಲಿನ ಮುನ್ನೂರು ವರ್ಷಗಳು ಕೆಲವೇ ಅಧ್ಯಾಯಗಳಲ್ಲಿ ಕಳೆದುಹೋಗುತ್ತವೆ. ಒಂದು ಶತಮಾನವೇ ಕೆಲವು ಪುಟಗಳಲ್ಲಿ ಮುಗಿಯುವುದುಂಟು. ಆದರೆ 1878ರಿಂದ 1914ರವರೆಗಿನ ಮೂವತ್ತಾರು ವರ್ಷಗಳಿಗೆ ಗ್ರಂಥದ ಅರ್ಧಕ್ಕೂ ಹೆಚ್ಚಿನ ಭಾಗವು ಮೀಸಲಾಗಿದೆ. ಇದನ್ನು ಕೆಲವರು ದೋಷವೆಂದು ಎಣಿಸಬಹುದು. ಆದರೆ ಗ್ರಂಥಕಾರನ ಉದ್ದೇಶವು ಇದರಿಂದಲೇ ಸ್ಪಷ್ಟವಾಗುತ್ತದೆ. ಬಹುಕಾಲ ಒಂದೇ ನೀರು ಕುಡಿದು ಒಂದೇ ಭಾಷೆಯಾಡಿದ ಜನರು, ದೂರದ ಅರಸರ ಒಪ್ಪಂದಗಳಿಂದಲೂ ತಮ್ಮೊಳಗೇ ಮೊಳೆತ ರಾಷ್ಟ್ರಾಭಿಮಾನಗಳಿಂದಲೂ ಹೇಗೆ ಒಬ್ಬರಿಗೊಬ್ಬರು ಪರಕೀಯರಾದರೆಂಬುದೇ ಅವನ ಮುಖ್ಯ ಪ್ರಮೇಯವು. ಹಿಂದಿನ ಮುನ್ನೂರು ವರ್ಷಗಳು ಅದಕ್ಕೆ ಪೂರ್ವರಂಗ.

ಸೇತುವೆಯ ಹುಟ್ಟನ್ನು ಆಂದ್ರಿಚನು ಕಲ್ಪಿಸಿರುವ ರೀತಿಯು ಅತ್ಯಂತ ಮಾರ್ಮಿಕವಾದುದು. ಸುಲ್ತಾನನ ಸೇವೆಗಾಗಿ ಕ್ರೈಸ್ತರ ಗಂಡುಮಕ್ಕಳನ್ನು ಬಲಾತ್ಕಾರದಿಂದ ಒಯ್ಯುವ ಪದ್ಧತಿ ಆಗ ಇದ್ದಿತು. 1516ರ ನವೆಂಬರಿನ ಒಂದು ಬೆಳಗ್ಗೆ ಸೊಕೊಲೊವಿಚಿ ಎಂಬ ಹಳ್ಳಿಯ ಹತ್ತು ವರ್ಷದ ಹುಡುಗನೊಬ್ಬನು ಹಾಗೆ ಒಯ್ಯಲ್ಪಟ್ಟು, ದ್ರಿನಾ ನದಿಯನ್ನು ದೋಣಿಯಲ್ಲಿ ದಾಟುತ್ತಾನೆ. ತಾಯಂದಿರು ಈಚೆಯ ದಡದಲ್ಲಿಯೇ ನಿಂತುಬಿಡುತ್ತಾರೆ. ಆ ಕ್ಷಣದಲ್ಲಿ ಎದೆಯನ್ನು ಸೀಳಿದಂತಾದ ಒಂದು ನೋವು, ಅವನು ಮತವನ್ನು ಬದಲಾಯಿಸಿ, ಹೆಸರನ್ನು ಬದಲಾಯಿಸಿ, ಮೂರು ಸುಲ್ತಾನರಿಗೆ ಮಂತ್ರಿಯಾದ ಮೇಲೂ ಬಿಡುವುದಿಲ್ಲ. ಆ ನೋವನ್ನು ಕಳೆಯಲೆಂದೇ ಆ ಸ್ಥಳದಲ್ಲಿ ಅವನು ಸೇತುವೆಯನ್ನು ಕಟ್ಟಿಸುತ್ತಾನೆ. ಎಂದರೆ, ಕೂಡಿಸುವ ವಸ್ತುವೊಂದು ಅಗಲಿಕೆಯ ಗರ್ಭದಿಂದಲೇ ಹುಟ್ಟಿತು. ಸಾಮ್ರಾಜ್ಯವೇ ಮಗುವನ್ನು ತಾಯಿಯಿಂದ ಅಗಲಿಸಿತು. ಅದೇ ಸಾಮ್ರಾಜ್ಯದ ಐಶ್ವರ್ಯವು ಎರಡು ದಡಗಳನ್ನು ಕೂಡಿಸಿತು. ಈ ದ್ವಂದ್ವವನ್ನು ಮರೆತು, ‘ಸೇತುವೆಯು ಐಕ್ಯದ ಚಿಹ್ನೆ’ ಎಂದು ಸರಳವಾಗಿ ಹೇಳಿ ಮುಗಿಸುವವರು ಗ್ರಂಥದ ಮೊದಲ ಅಧ್ಯಾಯಗಳನ್ನು ಸರಿಯಾಗಿ ಓದಿದವರಲ್ಲ.

ಸೇತುವೆ ನಿಲ್ಲಬೇಕಾದರೆ ಅವಳಿಮಕ್ಕಳನ್ನು ಅದರ ಕಂಬದೊಳಗೆ ಕಟ್ಟಬೇಕಾಯಿತೆಂದೂ, ಆ ಮಕ್ಕಳಿಗೆ ಹಾಲೂಡಲು ತಾಯಿಗಾಗಿ ಕಿಂಡಿಗಳನ್ನು ಬಿಟ್ಟರೆಂದೂ ಆ ಊರಿನ ಜನರಲ್ಲಿ ಒಂದು ಐತಿಹ್ಯವುಂಟು. ಕನ್ನಡ ನಾಡಿನ ಜನಪದರು ‘ಕೆರೆಗೆ ಹಾರ’ದ ಭಾಗೀರಥಿಯ ಕಥೆಯನ್ನು ಹಾಡಿಕೊಂಡು ಬಂದಿರುವರಾದುದರಿಂದ, ಈ ಐತಿಹ್ಯವು ಕನ್ನಡ ವಾಚಕರಿಗೆ ಹೊಸದೆನಿಸದು. ದೊಡ್ಡ ಕಟ್ಟಡದ ಬುಡದಲ್ಲಿ ನಿರಪರಾಧಿಯ ಪ್ರಾಣವಿದೆಯೆಂಬ ಶಂಕೆಯು ಎಲ್ಲಾ ದೇಶಗಳ ಬಡವರಿಗೂ ಇದ್ದಂತೆ ತೋರುತ್ತದೆ. ಆಂದ್ರಿಚನು ಈ ಕಥೆಯನ್ನು ಹೇಳಿ, ಅದರ ಪಕ್ಕದಲ್ಲಿಯೇ ನಿಜವಾಗಿ ನಡೆದುದನ್ನು ಇಡುತ್ತಾನೆ: ಬಿಟ್ಟಿ ಕೆಲಸ, ಹಸಿವು, ಅಬಿದಾಗನೆಂಬ ಮೇಲ್ವಿಚಾರಕನ ಕ್ರೌರ್ಯ, ರಾತ್ರಿಯ ಹೊತ್ತು ಕಟ್ಟಡವನ್ನು ಕೆಡಿಸಿದ ರಾದಿಸಾವನೆಂಬ ರೈತನಿಗಾದ ಶೂಲಾರೋಪಣ. ಐತಿಹ್ಯಕ್ಕಿಂತ ಸತ್ಯವೇ ಘೋರವಾಗಿದೆ.

ಮಹಾಶಕ್ತಿಗಳು ಒಂದು ಪ್ರದೇಶವನ್ನು ಹೇಗೆ ಬಾಧಿಸುತ್ತವೆಂಬುದನ್ನು ತೋರಿಸುವಲ್ಲಿ ಗ್ರಂಥಕಾರನ ಕೌಶಲವು ಅಸಾಧಾರಣವಾದುದು. ಅವನು ಯುದ್ಧಗಳನ್ನಾಗಲಿ ರಾಜಸಭೆಗಳನ್ನಾಗಲಿ ವರ್ಣಿಸುವುದಿಲ್ಲ. ಸೇತುವೆಯ ಬಳಿ ವಜೀರನು ಕಟ್ಟಿಸಿದ ಕಲ್ಲಿನ ಛತ್ರವೊಂದಿತ್ತು. ಅದರ ಖರ್ಚಿಗೆ ಹಂಗೆರಿ ದೇಶದಲ್ಲಿ ಬಿಟ್ಟ ಜಮೀನುಗಳಿಂದ ಉತ್ಪತ್ತಿಯು ಬರುತ್ತಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ತುರ್ಕರು ಹಂಗೆರಿಯನ್ನು ಕಳೆದುಕೊಂಡರು. ವಿಶೆಗ್ರಾದಿನ ಜನರು ಆ ಯುದ್ಧವನ್ನು ಕಂಡವರಲ್ಲ. ಆದರೆ ಛತ್ರಕ್ಕೆ ಹಣ ಬರುವುದು ನಿಂತಿತು. ಧರ್ಮದರ್ಶಿಯು ಸಾಲ ಮಾಡಿ, ಅರ್ಜಿ ಬರೆದು, ಕೈಯಿಂದ ಖರ್ಚುಮಾಡಿ ಸೋತನು. ಮಾಡು ಸೋರಿತು, ಗೋಡೆಯಲ್ಲಿ ಗಿಡ ಬೆಳೆಯಿತು, ಛತ್ರವು ಹಾಳಾಯಿತು. ಸಾಮ್ರಾಜ್ಯವೊಂದರ ಕ್ಷಯವನ್ನು ಸೋರುವ ಮಾಡಿನಿಂದ ಸೂಚಿಸುವ ಈ ಭಾಗವು ಧ್ವನಿಗೆ ಉತ್ತಮೋದಾಹರಣೆಯಾಗಿದೆ.

1875ರಲ್ಲಿ ಹೆರ್ಜೆಗೊವಿನದಲ್ಲಿ ರೈತರ ದಂಗೆಯೆದ್ದು, ಅದು ತುರ್ಕಿ, ಸರ್ಬಿಯಾ, ರಷ್ಯಾಗಳ ಯುದ್ಧಗಳಿಗೆ ಕಾರಣವಾಯಿತು. 1878ರ ಜೂನ್ ಜುಲೈ ತಿಂಗಳುಗಳಲ್ಲಿ ಬರ್ಲಿನಿನಲ್ಲಿ ಸೇರಿದ ಯೂರೋಪಿನ ಮಹಾಶಕ್ತಿಗಳು ಬಾಸ್ನಿಯಾ ಹೆರ್ಜೆಗೊವಿನಗಳನ್ನು ಆಸ್ಟ್ರಿಯಾ-ಹಂಗೆರಿಯು ಆಕ್ರಮಿಸಿ ಆಳತಕ್ಕದ್ದೆಂದು ಒಡಂಬಡಿಕೆಯ 25ನೆಯ ವಿಧಿಯಲ್ಲಿ ಬರೆದರು. ಹೆಸರಿಗೆ ಪ್ರಭುತ್ವವು ಸುಲ್ತಾನನಲ್ಲಿಯೇ ಉಳಿಯಿತು. ಒಡೆತನವೊಬ್ಬರದು, ಆಳಿಕೆಯೊಬ್ಬರದು, ಆ ನೆಲದಲ್ಲಿ ಬಾಳುವವರ ಅಭಿಪ್ರಾಯವನ್ನು ಕೇಳಿದವರಿಲ್ಲ. ಆ ದೇಶದಲ್ಲಿದ್ದವರಾದರೂ ಏಕಪ್ರಕಾರದ ಜನರಲ್ಲ. 1910ರ ಜನಗಣತಿಯಂತೆ ಅಲ್ಲಿನ ಸುಮಾರು 19 ಲಕ್ಷ ಜನರಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ನೂರಕ್ಕೆ 43ರಷ್ಟು, ಮುಸಲ್ಮಾನರು 32ರಷ್ಟು, ಕ್ಯಾಥೊಲಿಕರು 23ರಷ್ಟು ಇದ್ದರು. ಮೊದಲನೆಯವರು ಸರ್ಬಿಯದ ಕಡೆಗೂ, ಕಡೆಯವರು ಕ್ರೊವೇಷಿಯದ ಕಡೆಗೂ ನೋಡತೊಡಗಿದರು. ನಡುವಣವರು ಯಾವ ಕಡೆಗೆ ನೋಡುತ್ತಿದ್ದರೋ ಆ ಸುಲ್ತಾನನ ಗಡಿಯು ವರ್ಷೇ ವರ್ಷೇ ದೂರಕ್ಕೆ ಸರಿಯುತ್ತಿತ್ತು.

ಈ ವಿಶಾಲವಾದ ಇತಿಹಾಸವು ಗ್ರಂಥದಲ್ಲಿ ಒಂದು ಬಿಳಿಯ ಕಾಗದದ ರೂಪದಿಂದ ಬರುತ್ತದೆ. ಕಪಿಯಾದ ಮೇಲೆ ಸಿಪಾಯಿಯೊಬ್ಬನು ಪ್ರಕಟನಪತ್ರವನ್ನು ಅಂಟಿಸಿ ಹೋಗುತ್ತಾನೆ. ಜನರು ಬಂದು ಓದುತ್ತಾರೆ. ಅದಕ್ಕೆ ಮುಂಚೆ, ಆಸ್ಟ್ರಿಯದ ಸೈನ್ಯವನ್ನು ತಡೆಯಬೇಕೆಂದು ಪರವೂರಿನಿಂದ ಬಂದ ಕರಮಾನ್ಲಿಯೆಂಬವನು ಹುರಿದುಂಬಿಸಿದಾಗ, ಅಲಿಹೋಜನೆಂಬ ಅಂಗಡಿಕಾರನು ಅದು ವ್ಯರ್ಥವೆಂದು ಹೇಳಿದನು. ಅದಕ್ಕಾಗಿ ಅವನ ಬಲಗಿವಿಯನ್ನು ಕಪಿಯಾದ ಮರದ ತೊಲೆಗೆ ಮೊಳೆಯಿಂದ ಹೊಡೆದು ಬಿಟ್ಟುಹೋದರು. ಹೊಡೆದವರು ಅವನ ಮತದವರೇ; ಬಿಡಿಸಿದವನು ಶತ್ರುಸೈನ್ಯದ ಶುಶ್ರೂಷಕನು. ಬಳಿಕ ಹೊಸ ಅಧಿಕಾರಿಯನ್ನು ಎದುರುಗೊಳ್ಳಲು ಮುಸಲ್ಮಾನರ, ಕ್ರೈಸ್ತರ, ಯೆಹೂದ್ಯರ ಹಿರಿಯರು ಅದೇ ಕಪಿಯಾದ ಮೇಲೆ ಬಿಸಿಲಿನಲ್ಲಿ ಜೊತೆಯಾಗಿ ಕಾಯುತ್ತಾರೆ. ಬಂದವನು ಅವರನ್ನು ಸರಿಯಾಗಿ ನೋಡಲೂ ಇಲ್ಲ. ನಾಲ್ವರಿಗೂ ಒಂದೇ ಬಗೆಯ ಅಪಮಾನ. ಪರಾಧೀನತೆಯು ಅವರನ್ನು ಒಂದು ಗಳಿಗೆ ಸಮಾನರನ್ನಾಗಿ ಮಾಡಿತು. ಆ ಸಾಮ್ಯವನ್ನು ಅರಿತು ಉಪಯೋಗಿಸಿಕೊಳ್ಳುವ ಶಕ್ತಿ ಮಾತ್ರ ಅವರಿಗೆ ಬರಲಿಲ್ಲ.

ಆಸ್ಟ್ರಿಯದ ಆಳಿಕೆಯನ್ನು ಆಂದ್ರಿಚನು ಕೇವಲ ಕಪ್ಪುಮಸಿಯಿಂದ ಬರೆದಿಲ್ಲ. ದೀಪಗಳು, ಚರಂಡಿಗಳು, ಲೆಕ್ಕಪತ್ರ, ರೈಲುದಾರಿ, ಹೋಟೆಲು ಎಲ್ಲವೂ ಬಂದುವು. ಆದರೆ ರೈಲು ಬಂದ ಮೇಲೆ ಸೇತುವೆಯ ಮೂಲಕ ಪೂರ್ವಪಶ್ಚಿಮಗಳನ್ನು ಸೇರಿಸುತ್ತಿದ್ದ ಹಳೆಯ ದಾರಿಯು ಬರಿದಾಯಿತು. 1908ರಲ್ಲಿ ಇನ್ನೊಂದು ಬಿಳಿಯ ಕಾಗದವು ಬಂದಿತು: ದೇಶವು ಇನ್ನು ಹೆಸರಿಗೂ ಸುಲ್ತಾನನದಲ್ಲ. ಅಲ್ಪಕಾಲದಲ್ಲಿಯೇ ದುರಸ್ತಿಯ ನೆಪದಿಂದ ಸಿಪಾಯಿಗಳು ಕಂಬವೊಂದನ್ನು ಕೊರೆದು, ಅದರೊಳಗೆ ಸಿಡಿಮದ್ದಿಗೆ ಸ್ಥಳಮಾಡಿದರು. ದೀಪ ಹಚ್ಚಿದ ಕೈಯೇ ಮದ್ದನ್ನೂ ತುಂಬಿತು. ಸೇತುವೆ ಕಟ್ಟುವುದು ದೊಡ್ಡ ಪುಣ್ಯವೆಂದು ತಂದೆಯಿಂದ ಕೇಳಿದ್ದ ಅಲಿಹೋಜನಿಗೆ ಇದು ಅರ್ಥವೇ ಆಗುವುದಿಲ್ಲ. 1912-13ರ ಬಾಲ್ಕನ್ ಯುದ್ಧಗಳಲ್ಲಿ ತುರ್ಕಿಯ ಗಡಿಯು ಕೆಲವೇ ವಾರಗಳಲ್ಲಿ ಎದಿರ್ನೆಯವರೆಗೆ ಹಿಮ್ಮೆಟ್ಟಿತು. ಆ ಊರಿನ ಸರ್ಬರಿಗೆ ಅದು ಹಬ್ಬ, ಮುಸಲ್ಮಾನರಿಗೆ ಸೂತಕ. ಒಂದೇ ಸುದ್ದಿಯು ನೆರೆಮನೆಯವರನ್ನು ಎರಡು ಪಾಲು ಮಾಡಿತು.

ಇದೇ ಸಮಯಕ್ಕೆ ಸರಯೇವೊ, ವಿಯೆನ್ನಾ ಮೊದಲಾದ ಕಡೆ ಓದಿದ ತರುಣರು ರಜೆಗೆ ಬಂದು ಕಪಿಯಾದ ಮೇಲೆ ರಾತ್ರಿಯೆಲ್ಲಾ ವಾದಿಸುತ್ತಾರೆ. ರಾಷ್ಟ್ರವೆಂಬ ಹೊಸ ಭಾವನೆಯು ಮತಭೇದಗಳನ್ನು ಗೆದ್ದು ಎಲ್ಲರನ್ನೂ ಒಂದು ಮಾಡುವುದೆಂದು ಗಾಲೂಸನು ಉತ್ಸಾಹದಿಂದ ಹೇಳುತ್ತಾನೆ. ಅವನ ಮುಸಲ್ಮಾನ ಸ್ನೇಹಿತನಾದ ಬಹ್ತಿಯಾರೆವಿಚನು ಉತ್ತರಕೊಡದೆ, ಅಷ್ಟು ಸುಲಭವಾಗಿ ಬುನಾದಿಗಳು ಬದಲಾಗುವುದಿಲ್ಲವೆಂದು ಮನಸ್ಸಿನಲ್ಲಿಯೇ ಎಣಿಸುತ್ತಾನೆ. ಗ್ರಂಥಕಾರನು ತಾನೂ ತಾರುಣ್ಯದಲ್ಲಿ ‘ತರುಣ ಬಾಸ್ನಿಯಾ’ ಪಂಗಡಕ್ಕೆ ಸೇರಿದವನು. 1914ರಲ್ಲಿ ಸೆರೆಮನೆಯನ್ನು ಕಂಡವನು. ಆದುದರಿಂದ ಗಾಲೂಸನ ಆವೇಶವನ್ನು ಅವನು ಹಾಸ್ಯ ಮಾಡುವುದಿಲ್ಲ. ಆದರೆ ಆ ಮೌನದ ಕಡೆಯ ಮಾತನ್ನೂ ವಾಚಕನಿಗೆ ಕೇಳಿಸುತ್ತಾನೆ. ಒಬ್ಬನು ಕೂಡಿಸಲೆಂದು ಹೇಳಿದ ಮಾತು ಇನ್ನೊಬ್ಬನಿಗೆ ನುಂಗುವ ಮಾತಾಗಿ ಕೇಳುವುದು ಹೇಗೆಂಬುದನ್ನು ಇಷ್ಟು ನ್ಯಾಯವಾಗಿ ತೋರಿಸಿದ ಪ್ರಕರಣಗಳು ವಿರಳ.

ಆದರೂ ಗ್ರಂಥದ ಹೃದಯವು ಈ ವಾದಗಳಲ್ಲಿಲ್ಲ. ಅದು ಬಹುದೂರದಲ್ಲಿರುವ ಎರಡು ರಾತ್ರಿಗಳ ನಡುವೆ ಇದೆ. ಐದನೆಯ ಅಧ್ಯಾಯದಲ್ಲಿ ದ್ರಿನಾ ನದಿಗೆ ಮಹಾಪ್ರವಾಹವು ಬಂದು ಪಟ್ಟಣವು ಮುಳುಗುತ್ತದೆ. ಮುಸಲ್ಮಾನರು, ಕ್ರೈಸ್ತರು, ಯೆಹೂದ್ಯರು ಎತ್ತರದ ಮನೆಗಳಲ್ಲಿ ಒಟ್ಟಿಗೆ ಆಶ್ರಯ ಪಡೆಯುತ್ತಾರೆ. ಹಿರಿಯರು ಬೆಂಕಿಯ ಸುತ್ತ ಕುಳಿತು, ಕೆಳಗೆ ಮುಳುಗುತ್ತಿರುವ ಸಂಪತ್ತಿನ ಮಾತೆತ್ತದೆ, ಹಳೆಯ ಕಥೆಗಳನ್ನು ಹೇಳಿಕೊಂಡು ಬೆಳಗು ಮಾಡುತ್ತಾರೆ. ಗ್ರಂಥದ ಕೊನೆಯಲ್ಲಿ, 1914ರಲ್ಲಿ, ಸುತ್ತಣ ಬೆಟ್ಟಗಳಿಂದ ಫಿರಂಗಿಯ ಗುಂಡುಗಳು ಸೇತುವೆಯ ಮೇಲೆ ಬೀಳುತ್ತವೆ. ಆಗಲೂ ಜನರು ಎತ್ತರದ ಮನೆಗಳಿಗೆ ಓಡುತ್ತಾರೆ. ಆದರೆ ಈ ಸಲ ಮುಸಲ್ಮಾನರು ಒಂದು ಮನೆಯಲ್ಲಿ, ಸರ್ಬರು ಇನ್ನೊಂದು ಮನೆಯಲ್ಲಿ. ಅದೇ ಊರು, ಅದೇ ಭಯ, ಅದೇ ಕತ್ತಲೆ. ನಡುವೆ ಏನಾಯಿತೆಂದು ಗ್ರಂಥಕಾರನು ಎಲ್ಲಿಯೂ ಒಡೆದು ಹೇಳುವುದಿಲ್ಲ. ಎರಡು ಚಿತ್ರಗಳನ್ನು ದೂರದೂರದಲ್ಲಿಟ್ಟು ಸುಮ್ಮನಾಗುತ್ತಾನೆ. ನದಿಯು ಕೂಡಿಸಿದವರನ್ನು ರಾಜ್ಯಗಳು ಅಗಲಿಸಿದುವೆಂಬ ಅರ್ಥವು ಸಹೃದಯನಿಗೆ ತಾನಾಗಿಯೇ ಸ್ಫುರಿಸುತ್ತದೆ. ಹೇಳದೆ ಹೇಳುವುದೇ ಉತ್ತಮಕಾವ್ಯವೆಂಬ ಆನಂದವರ್ಧನನ ಸಿದ್ಧಾಂತಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಇನ್ನು ಆಕ್ಷೇಪಗಳ ವಿಚಾರ. ಬಾಸ್ನಿಯದ ಮುಸಲ್ಮಾನ ವಿದ್ವಾಂಸರಲ್ಲಿ ಕೆಲವರು, ಅವರಲ್ಲಿ ಮುಖ್ಯವಾಗಿ ಮುಹ್ಸಿನ್ ರಿಜ್ವಿಚ್ ಎಂಬವರು, ಆಂದ್ರಿಚನು ತಮ್ಮ ಜನರಿಗೆ ನ್ಯಾಯ ಮಾಡಿಲ್ಲವೆಂದಿರುವರು. ಈ ಮಾತನ್ನು ತಳ್ಳಿಹಾಕುವುದು ಯುಕ್ತವಲ್ಲ. ಅದೇ ಭಾಷೆಯಾಡುವ, ಅದೇ ನೆಲದಲ್ಲಿ ಹುಟ್ಟಿದ ಮುಸಲ್ಮಾನರನ್ನು ಗ್ರಂಥವು ಬಹುತೇಕ ಎಲ್ಲೆಡೆಯೂ ‘ತುರ್ಕರು’ ಎಂದೇ ಕರೆಯುತ್ತದೆ. ಆ ಕಾಲದ ರೂಢಿಯು ಹಾಗಿದ್ದಿತೆಂಬುದು ನಿಜ. ಆದರೆ ಹೆಸರಿಗೆ ಒಂದು ಬಲವುಂಟು. ನೆರೆಯವನನ್ನು ಪರದೇಶದವನ ಹೆಸರಿನಿಂದ ಕರೆಯುತ್ತಾ ಹೋದರೆ ಅವನು ಪರದೇಶಕ್ಕೆ ಹೋಗತಕ್ಕವನೆಂಬ ಭಾವನೆಯು ಮೆಲ್ಲನೆ ಬೇರೂರುತ್ತದೆ. 1924ರಲ್ಲಿ ಗ್ರಾಜ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಆಂದ್ರಿಚನು ತುರ್ಕರ ಆಳಿಕೆಯ ಪರಿಣಾಮವನ್ನು ಕಠೋರವಾಗಿಯೇ ಖಂಡಿಸಿದ್ದನು. ಆ ಖಂಡನೆಯ ನೆರಳು ಕಾದಂಬರಿಯ ಮೇಲೂ ಅಲ್ಲಲ್ಲಿ ಬಿದ್ದಿದೆ.

ಎರಡನೆಯ ಆಕ್ಷೇಪವು ಶೂಲಾರೋಪಣದ ವರ್ಣನೆಗೆ ಸಂಬಂಧಿಸಿದುದು. ಅಲ್ಲಿ ಬೀಭತ್ಸವು ಔಚಿತ್ಯದ ಎಲ್ಲೆಯನ್ನು ಮುಟ್ಟುತ್ತದೆ. ಮೀರುತ್ತದೆಂದು ಹೇಳುವವರೂ ಇರಬಹುದು. ಆದರೆ ಆ ಪ್ರಸಂಗವನ್ನು ಅಲ್ಲಿಗೇ ಕತ್ತರಿಸಿ ಓದಬಾರದು. ಆ ಕ್ರೌರ್ಯವನ್ನು ನಡೆಸಿದ ಅಬಿದಾಗನನ್ನು ವಜೀರನೇ ತೆಗೆದುಹಾಕುತ್ತಾನೆ. ಅವನ ಬೆದರಿಕೆಯಿಂದ ತತ್ತರಿಸಿದ ಕಾವಲಿನ ನಾಯಕನು ಹುಚ್ಚನಾಗುತ್ತಾನೆ. ಬಳಿಕ ಬಂದ ಆರಿಫ್ ಬೇಗನು ಕೂಲಿ ಕೊಟ್ಟು, ಕೆಲಸ ಮುಗಿಸಿ, ಊರಿಗೆಲ್ಲಾ ಔತಣವಿಡುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಗ್ರಂಥದಲ್ಲಿ ವಾಚಕನ ಅನುರಾಗಕ್ಕೆ ಪಾತ್ರನಾಗುವವನು ಯಾರು? ಕಿವಿ ಹರಿದ ಮುಸಲ್ಮಾನ ಅಂಗಡಿಕಾರನಾದ ಅಲಿಹೋಜನೇ. ಸೇತುವೆಯ ಆತ್ಮವು ಕೊನೆಗೆ ಅವನಲ್ಲಿ ನೆಲೆಗೊಳ್ಳುತ್ತದೆ. ಪ್ರಬಂಧವನ್ನು ಬರೆದ ಪಂಡಿತನನ್ನು ಕಾದಂಬರಿಯನ್ನು ಬರೆದ ಕವಿಯು ಇಲ್ಲಿ ಗೆದ್ದಿರುವನು. ಗೆಲವು ಸಂಪೂರ್ಣವಲ್ಲ, ಶೂಲದ ಚಿತ್ರವು ಅಲಿಹೋಜನ ಚಿತ್ರಕ್ಕಿಂತ ಬೇಗನೆ ಮನಸ್ಸಿನಲ್ಲಿ ನೆಡುತ್ತದೆ, ಮತ್ತು ದ್ವೇಷಕ್ಕೆ ಕಾರಣವನ್ನು ಹುಡುಕುವವನು ಅಷ್ಟರಲ್ಲಿಯೇ ಪುಸ್ತಕವನ್ನು ಮುಚ್ಚಬಹುದು.

ಹಾಗೆ ಮುಚ್ಚಿದವರು ಇರಲಿಲ್ಲವೆಂದು ಹೇಳುವಂತಿಲ್ಲ. 1991ರಲ್ಲಿ ವಿಶೆಗ್ರಾದ್ ಪ್ರಾಂತದಲ್ಲಿ ಸುಮಾರು 21,000 ಜನರಿದ್ದು, ಅವರಲ್ಲಿ ನೂರಕ್ಕೆ 63ರಷ್ಟು ಮುಸಲ್ಮಾನರಿದ್ದರು. 1992ರಲ್ಲಿ ಸರ್ಬ ಪಡೆಗಳು ಅವರನ್ನು ಕೊಂದುವು, ಅಟ್ಟಿದುವು; ಅನೇಕರನ್ನು ಕೊಂದು ದ್ರಿನಾ ನದಿಗೆ ಎಸೆದುದು ಅದೇ ಸೇತುವೆಯ ಮೇಲಿಂದ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಲಿಯು ವಿಶೆಗ್ರಾದಿನ ಅಪರಾಧಗಳಿಗಾಗಿ 2009ರಲ್ಲಿ ತೀರ್ಪು ಕೊಟ್ಟಿತು. 1995ರ ಡೇಟನ್ ಒಪ್ಪಂದದಿಂದ ದೇಶವು ನೂರಕ್ಕೆ 51 ಮತ್ತು 49ರ ಪ್ರಮಾಣದಲ್ಲಿ ಎರಡು ಭಾಗಗಳಾಗಿ ವಿಂಗಡಿಸಲ್ಪಟ್ಟಿತು. ಬರ್ಲಿನಿನ ಮೇಜು ಹೋಗಿ ಇನ್ನೊಂದು ಮೇಜು ಬಂದಿತು. 2007ರಲ್ಲಿ ಯುನೆಸ್ಕೊ ಸಂಸ್ಥೆಯು ಸೇತುವೆಯನ್ನು ವಿಶ್ವದ ಆಸ್ತಿಗಳ ಪಟ್ಟಿಯಲ್ಲಿ ಸೇರಿಸಿತು. 2014ರಲ್ಲಿ ಅದರ ಸಮೀಪದಲ್ಲಿಯೇ ಆಂದ್ರಿಚನ ಹೆಸರಿನ ಒಂದು ಹೊಸ ಪೇಟೆಯು ತೆರೆಯಲ್ಪಟ್ಟಿತು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ, ಬೆಲ್‌ಗ್ರೇಡಿನಲ್ಲಿ ನೆಲಸಿ, ಬಾಸ್ನಿಯವನ್ನೇ ಬರೆದ ಈ ಗ್ರಂಥಕಾರನನ್ನು ಕ್ರೋಟರೂ ಸರ್ಬರೂ ಬಾಸ್ನಿಯದವರೂ ತಮ್ಮವನೆನ್ನುವರು. ಆಯಾ ಪಕ್ಷದವರೇ ಅವನನ್ನು ಬೈಯುವುದೂ ಉಂಟು. ನೆಲವನ್ನು ಹಂಚಿಕೊಂಡ ಬಳಿಕ ಕವಿಯನ್ನೂ ಹಂಚಿಕೊಳ್ಳಹೊರಟಂತೆ ಇದು ಕಾಣುತ್ತದೆ. ನೊಬೆಲ್ ಪಾರಿತೋಷಕದ ಹಣವನ್ನು ಅವನು ಬಾಸ್ನಿಯದ ಪುಸ್ತಕಭಂಡಾರಗಳಿಗೆ ಕೊಟ್ಟನು. ಆ ದಾನದಲ್ಲಿ ಪಕ್ಷವಿರಲಿಲ್ಲ.

ಗ್ರಂಥದಿಂದ ದ್ವೇಷವು ಹುಟ್ಟಿತೇ ಎಂಬ ಪ್ರಶ್ನೆಗೆ ವಿಮರ್ಶಕನು ಪ್ರಾಮಾಣಿಕವಾಗಿ ಉತ್ತರ ಹೇಳಬೇಕಾಗುತ್ತದೆ. ಮಹಾಭಾರತವನ್ನು ಓದಿ ಯುದ್ಧಕ್ಕೆ ಹೊರಡುವವನೂ ಉಂಟು, ಯುದ್ಧವನ್ನು ಬಿಡುವವನೂ ಉಂಟು. ಕಾವ್ಯವನ್ನು ಖಂಡಖಂಡವಾಗಿ ಓದಿದರೆ ಯಾವ ಪಕ್ಷಕ್ಕಾದರೂ ಆಯುಧವು ದೊರೆಯುತ್ತದೆ; ಅಖಂಡವಾಗಿ ಓದಿದರೆ ಮಾತ್ರ ಅಂಗಿರಸವು ತಿಳಿಯುತ್ತದೆ. ಮಹಾಭಾರತದ ಅಂಗಿರಸವು ಶಾಂತವೆಂದು ಆನಂದವರ್ಧನನು ನಿರ್ಣಯಿಸಿದುದು ಅದರ ಕೊನೆಯನ್ನು ನೋಡಿ. ಈ ಗ್ರಂಥದ ಕೊನೆಯೇನು? ಸೇತುವೆಯ ಏಳನೆಯ ಕಂಬವು ಸಿಡಿಮದ್ದಿನಿಂದ ಹಾರಿಹೋಗುತ್ತದೆ. ವೃದ್ಧನಾದ ಅಲಿಹೋಜನು ಮುರಿದ ಸೇತುವೆಯನ್ನು ಕಂಡು, ಗುಡ್ಡದ ಮೇಲಣ ಮನೆಗೆ ಏದುತ್ತಾ ಹತ್ತಿ, ಮನೆಯನ್ನು ಮುಟ್ಟದೆ ದಾರಿಯಲ್ಲಿಯೇ ಬಿದ್ದು ಪ್ರಾಣ ಬಿಡುತ್ತಾನೆ. ಇಲ್ಲಿ ಕೆಡಹಿದರೂ ಎಲ್ಲಿಯಾದರೂ ಯಾರಾದರೂ ಕಟ್ಟುತ್ತಿರಬಹುದು, ದೇವರ ಪ್ರೀತಿಗಾಗಿ ಕಟ್ಟುವ ದೊಡ್ಡ ಮನಸ್ಸಿನವರು ಲೋಕದಿಂದ ಪೂರ್ತಿ ಅಳಿದುಹೋಗಲಾರರು ಎಂಬ ಯೋಚನೆಯು ಆ ಏರಿನಲ್ಲಿ ಅವನಿಗೆ ಬರುತ್ತದೆ.

ಆದುದರಿಂದ ಕರುಣವೇ ಇಲ್ಲಿ ಅಂಗಿ. ಶಾಂತವು ಅದಕ್ಕೆ ಅಂಗವಾಗಿ, ಮುದುಕನೊಬ್ಬನ ಕೊನೆಯ ಯೋಚನೆಯಲ್ಲಿ ಮಾತ್ರ ಇಣಿಕಿ ನೋಡುತ್ತದೆ. ಎರಡು ಯುದ್ಧಗಳಲ್ಲಿ ಮುರಿದ ಕಮಾನುಗಳನ್ನು ಜನರು ಮತ್ತೆ ಕಟ್ಟಿದರು. ಸೇತುವೆಯು ಇಂದಿಗೂ ಹನ್ನೊಂದು ಕಮಾನುಗಳಿಂದ ನಿಂತಿದೆ. ಅದರ ಮೇಲೆ ಸಂಜೆ ಕುಳಿತು ಮಾತಾಡುತ್ತಿದ್ದವರಲ್ಲಿ ಬಹುಜನರ ಮಕ್ಕಳು ಮಾತ್ರ ಆ ಊರಿನಲ್ಲಿಲ್ಲ. ಕಲ್ಲನ್ನು ಮರಳಿ ಜೋಡಿಸುವ ವಿದ್ಯೆ ಮನುಷ್ಯನಿಗೆ ಬಹುಕಾಲದಿಂದ ತಿಳಿದಿದೆ. ಗಡಿಯ ಗೆರೆಗಳನ್ನು ಎಳೆಯುವವರೂ, ಅವುಗಳನ್ನು ಎಳೆಯಿರೆಂದು ಕೂಗುವವರೂ ಈ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಎಲ್ಲಿಯೂ ಮುಚ್ಚದೆ, ಒಂದು ಸಲ ಓದುವುದು ಒಳ್ಳೆಯದು.